ಜಾಣ ಆಳಿಗೆ ಸಂಬಳವೆಷ್ಟು?

ಪುಣೆಯಿಂದ ಸಾತಾರಾ ದಾರಿ ಹಿಡಿದು ಹೋಗಿ ವಾಯಿ ಊರಿನತ್ತ ಹೊರಳಿದರೆ, ಊರಿನ ಮಗ್ಗುಲಲ್ಲೇ ಮೆಣವಲಿ ಎಂಬ ಹಳ್ಳಿ ಸಿಗುತ್ತದೆ. ನಮ್ಮ ಆಲಮಟ್ಟಿಗೆ ಬರುವ ಹೊತ್ತಿಗೆ ಕಡಲಿನಂತೆ ಹರಡಿಕೊಳ್ಳುವ ಕೃಷ್ಣೆ ಅಲ್ಲಿನ್ನೂ ಚಿಕ್ಕ ಹೊಳೆ. ದಂಡೆಗೆ ಕಲ್ಲಿನ ಘಾಟು, ಘಾಟಿನ ಮೇಲೆ ಮೇಣೇಶ್ವರನ ಗುಡಿ, ಪೋರ್ತುಗೀಸರ ಇಗರ್ಜಿಯೊಂದರಿಂದ ಮರಾಠರು ಗೆದ್ದು ತಂದ ದೊಡ್ಡ ಗಂಟೆ, ಅದರಾಚೆ ನಾನಾ ಫಡ್ಣವೀಸನ ವಾಡೆ. ಪೇಶ್ವೆಯರ ಲೆಕ್ಕಪತ್ರ, ಖಜಾನೆ, ಬೇಹುಗಾರರ ಜಾಲವನ್ನೆಲ್ಲ ಪುಣೆಯಲ್ಲಿ ಕೂತು ಆಡಿಸುತ್ತಿದ್ದ ನಾನಾನ ಹಳ್ಳಿಮನೆ ಅದು. ಈಗ ಸಿನಿಮಾದವರು ಬಂದು ಚಿತ್ರೀಕರಣ ಮಾಡಿಕೊಂಡು ಹೋಗುತ್ತಾರೆ.

ವಾಡೆಗಳ ಕಟ್ಟೋಣವನ್ನು ಕಣ್ಣಿಟ್ಟು ನೋಡಿದವರಿಗೆ ಅದು ನಾಟಕಕ್ಕೆಂದೇ ಹೇಳಿ ಮಾಡಿಸಿದ ಮನೆಯೆಂದು ಅನ್ನಿಸದೆ ಇರದು. ಆನೆ ನುಗ್ಗುವಷ್ಟು ದೊಡ್ಡ ಬಾಗಿಲು, ಆ ಬಾಗಿಲ ಹಲಗೆಯಲ್ಲೇ ತಲೆ ಬಗ್ಗಿಸಿ ನುಸುಳಬೇಕಾದ ಸಣ್ಣ ದಿಂಡಿ. ಒಳಗೊಂದು ಅಂಗಳ, ಸುತ್ತ ಪಡಸಾಲೆ, ಅದರಾಚೆ ಮತ್ತೊಂದು ಅಂಗಳ, ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ, ಗೋಡೆಯೊಳಗೇ ಅಡಗಿಸಿದ ಮೆಟ್ಟಿಲು, ಹಿತ್ತಲಿಗೆ ಇನ್ನೊಂದು ದಾರಿ. ಯಾರು ಯಾವ ಬಾಗಿಲಿಂದ ಬರಬೇಕು, ಯಾರು ಬರಕೂಡದು ಎಂಬುದೆಲ್ಲ ಮೊದಲೇ ಗೊತ್ತಾಗಿರುವ ಮನೆಯಲ್ಲಿ ತಪ್ಪು ಹೊತ್ತಿಗೆ ತಪ್ಪು ಮನುಷ್ಯ ತಪ್ಪು ಬಾಗಿಲಿಂದ ತಲೆ ಹಾಕಿದರೆ ಸಾಕು, ಪ್ರಹಸನ ಶುರುವಾದಂತೆ. ಇಂಥ ಮನೆಯಲ್ಲಿ ಹೆಚ್ಚುಕಡಿಮೆ ಎಲ್ಲ ಬಾಗಿಲುಗಳಲ್ಲೂ ಓಡಾಡಬಲ್ಲವನು ಒಬ್ಬನೇ: ಆಳು. ಅಡುಗೆಮನೆಯ ಹೊಸ್ತಿಲೊಂದನ್ನು ಬಿಟ್ಟು ಅನ್ನಬೇಕು. ಆ ಹೊಸ್ತಿಲನ್ನು ಜಾತಿ ಕಾಯುತ್ತಿತ್ತು, ನಾಟಕಗಳು ಮಾತ್ರ ಆ ವಿಷಯ ಎತ್ತುವುದಿಲ್ಲ. ಯಜಮಾನನ ಗುಟ್ಟು ಯಜಮಾನಿಗೆ ತಿಳಿಯದು, ಮಗನ ಗುಟ್ಟು ಅಪ್ಪನಿಗೆ ತಿಳಿಯದು. ಎಲ್ಲರ ಗುಟ್ಟೂ ಹುಕ್ಕಾ ತುಂಬುವವನ ಕಿವಿಯಲ್ಲಿ.

ಎರಡು ಸಾವಿರ ವರ್ಷಗಳಿಂದ ಜಗತ್ತಿನ ರಂಗಭೂಮಿ ಈ ಒಂದು ಸಂಗತಿಯ ಮೇಲೆ ಬಾಳುವೆ ಮಾಡಿದೆ. ರೋಮಿನ ಪ್ಲಾಟಸ್ ಬರೆದ ಜಂಬದ ಸಿಪಾಯಿಯ ನಾಟಕದಲ್ಲಿ ಪಲೆಸ್ತ್ರಿಯೊ ಎಂಬ ಗುಲಾಮ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಗೋಡೆಗೆ ಕಂಡಿ ಕೊರೆಸಿ, ಇದ್ದೊಬ್ಬ ಹುಡುಗಿಯನ್ನು ಅವಳಿ ಸೋದರಿಯರೆಂದು ನಂಬಿಸುತ್ತಾನೆ. ಮೋಲಿಯೇರನ ಸ್ಕಪಾಂ ತನ್ನ ಯಜಮಾನನ ಅಪ್ಪನನ್ನೇ ಚೀಲದೊಳಗೆ ಕೂರಿಸಿ, ಶತ್ರುಗಳು ಬಂದರೆಂದು ಕೂಗಾಡುತ್ತ ತಾನೇ ಬಡಿಗೆಯಿಂದ ಬಾರಿಸುತ್ತಾನೆ. ನಮ್ಮ ಕರಾವಳಿಯಲ್ಲಿ ರಕ್ಕಸರಾಜನ ಒಡ್ಡೋಲಗ ಅಬ್ಬರಿಸಿ ನಿಂತಾಗ ಹಾಸ್ಯಗಾರನ ದೂತ ಒಳಬಂದು, ಅರ್ಥವೇ ಆಗದವನಂತೆ ಒಂದು ಪ್ರಶ್ನೆ ಕೇಳಿ, ಕಿರೀಟದ ಭಾರವನ್ನೆಲ್ಲ ಇಳಿಸಿಬಿಡುತ್ತಾನೆ. ಬೆಳಗಾವಿ, ಬಾಗಲಕೋಟೆ ಸೀಮೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಬಿಂಕವನ್ನು ಕೃಷ್ಣ ಮುರಿಯುವುದಕ್ಕಿಂತ ಮೊದಲೇ ಭಾಗವತನೊಡನೆ ಮಾತಿಗೆ ಮಾತು ಕೊಡುವ ದೂತಿ ಮುಕ್ಕಾಲು ಪಾಲು ಮುರಿದಿರುತ್ತಾಳೆ. ಜೋರು ಮಾಡುವ ಒಡೆಯ, ಜಾಣ ಆಳು. ಒಬ್ಬನ ಕೈಯಲ್ಲಿ ಚಾಟಿ, ಇನ್ನೊಬ್ಬನ ಬಾಯಲ್ಲಿ ಮಾತು. ಗೆಲ್ಲುವುದು ಮಾತು. ನಾವು ನಗುತ್ತೇವೆ.

ಈ ನಗುವಿನ ಮೇಲೆ ನನಗೊಂದು ತಕರಾರು ಇದೆ. ನಗಬಾರದೆಂದಲ್ಲ, ನಾನೂ ನಕ್ಕಿದ್ದೇನೆ. ಆದರೆ ಆಟ ಮುಗಿದು ದೀಪ ಹತ್ತಿದಾಗ ಮನೆ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಒಡೆಯ ಪೆಚ್ಚಾಗಿದ್ದಾನೆ, ಆದರೂ ಒಡೆಯನೇ. ಆಳು ಗೆದ್ದಿದ್ದಾನೆ, ಮರುದಿನ ಬೆಳಿಗ್ಗೆ ಕಸ ಗುಡಿಸಲು ಬರುತ್ತಾನೆ. ಅವನ ಜಾಣತನದಿಂದ ಹಗುರಾದ ಕಷ್ಟ ಯಾರದು? ಯಜಮಾನನ ಮಗನಿಗೆ ಮೆಚ್ಚಿದ ಹುಡುಗಿ ಸಿಕ್ಕಳು, ಯಜಮಾನಿಯ ಮಾನ ಉಳಿಯಿತು, ಒಡೆದ ಸಂಸಾರ ಕೂಡಿತು. ಮನೆ ಮುರಿಯದಂತೆ ನೋಡಿಕೊಂಡದ್ದಕ್ಕೆ ಆಳಿಗೆ ಸಿಕ್ಕಿದ್ದು ಒಂದು ಚಪ್ಪಾಳೆ, ಅದನ್ನೂ ಕೊಟ್ಟವರು ನಾವು. ಹಾಗಾದರೆ ಜಾಣ ಆಳು ಒಡೆಯನ ವೈರಿಯಲ್ಲ. ಅವನು ಆ ಮನೆಯ ಕಂಬ. ಪ್ರಹಸನವು ಅವನ ಬುದ್ಧಿಯನ್ನು ಅಷ್ಟೊಂದು ಹೊಗಳುವುದು ಅವನ ಹಕ್ಕಿನ ಮಾತು ಬಾರದಿರಲೆಂದು. ಬುದ್ಧಿಯನ್ನು ಮೆಚ್ಚಲು ಕಾಸು ಬಿಚ್ಚಬೇಕಾಗಿಲ್ಲ.

ಪ್ಲಾಟಸನ ಕಾಲದ ಕಾನೂನನ್ನು ಇದರ ಪಕ್ಕ ಇಟ್ಟು ನೋಡಿ. ರಂಗದ ಮೇಲೆ ಇಡೀ ಊರಿಗೆ ಬುದ್ಧಿ ಹೇಳುವ ಗುಲಾಮನ ಸಾಕ್ಷಿ ನಿಜವಾದ ರೋಮಿನ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ, ಅವನನ್ನು ಹಿಂಸಿಸಿ ಹೇಳಿಸಿದ್ದಾಗಿರಬೇಕಿತ್ತು. ನಾಟಕದಲ್ಲಿ ಅವನ ಮಾತಿಗೆ ಇದ್ದ ಬೆಲೆ ಊರಲ್ಲಿ ಅವನ ಮಾತಿಗೆ ಇರಲಿಲ್ಲ. ನಾಟಕಮನೆಯ ಹೊರಗೆ ಬೆಲೆ ಇರಲಿಲ್ಲವೆಂದೇ ಒಳಗೆ ಅಷ್ಟು ಬೆಲೆ ಕೊಟ್ಟರೇನೋ.

ಈ ಗುಟ್ಟನ್ನು ಬಯಲು ಮಾಡಿದ ನಾಟಕ ನಮ್ಮಲ್ಲೇ ಇದೆ. ಶೂದ್ರಕನ ಮೃಚ್ಛಕಟಿಕದ ಶಕಾರನಿಗಿಂತ ದೊಡ್ಡ ಪುಂಡ ಭಾರತದ ರಂಗಭೂಮಿಯಲ್ಲಿ ಇನ್ನೊಬ್ಬನಿಲ್ಲ. ರಾಜನ ಮೈದುನ, ಪುರಾಣದ ಹೆಸರುಗಳನ್ನೆಲ್ಲ ಕಲಸಿ ಹೇಳುವ ಹುಂಬ, ನೋಡಿದಷ್ಟೂ ನಗೆ. ಆದರೆ ಊರಾಚೆಯ ಹೂದೋಟದಲ್ಲಿ ಅವನು ಗಣಿಕೆ ವಸಂತಸೇನೆಯನ್ನು ಕೊಲ್ಲೆಂದು ತನ್ನ ಗಾಡಿ ಹೊಡೆಯುವ ಆಳು ಸ್ಥಾವರಕನಿಗೆ ಹೇಳುವಾಗ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಥಾವರಕ ಒಪ್ಪುವುದಿಲ್ಲ. ಬಂಗಾರದ ಆಸೆಗೂ ಬಗ್ಗುವುದಿಲ್ಲ, ಹೊಡೆತಕ್ಕೂ ಬಗ್ಗುವುದಿಲ್ಲ. ಮುಂದೆ ಅವನನ್ನು ಮಹಡಿಯ ಮೇಲೆ ಕೂಡಿಹಾಕುತ್ತಾರೆ. ಆ ಕೊಲೆಯ ಆರೋಪ ಹೊತ್ತ ಅವಳ ಪ್ರಿಯ ಚಾರುದತ್ತನನ್ನು ವಧೆಗೆ ಒಯ್ಯುವುದನ್ನು ಮೇಲಿಂದ ಕಂಡು ಸ್ಥಾವರಕ ಕೆಳಕ್ಕೆ ಹಾರಿ, ಬೀದಿಯಲ್ಲಿ ನಿಂತು ನಿಜ ಹೇಳುತ್ತಾನೆ. ಶಕಾರ ಒಂದೇ ಮಾತಿನಲ್ಲಿ ಅದನ್ನು ಅಳಿಸಿಹಾಕುತ್ತಾನೆ: ಇವನು ಕದ್ದ, ನಾನು ಹೊಡೆದೆ, ಆ ಸಿಟ್ಟಿಗೆ ಹೀಗೆ ಹೇಳುತ್ತಿದ್ದಾನೆ. ಜನ ಒಡೆಯನ ಮಾತನ್ನೇ ನಂಬುತ್ತಾರೆ. ಜಾಣತನವೂ ಅಲ್ಲ, ಧೈರ್ಯವೂ ಅಲ್ಲ, ಆಳು ಆಳಾಗಿರುವುದೇ ಅಲ್ಲಿ ಮುಖ್ಯವಾಗುತ್ತದೆ. ಶೂದ್ರಕ ಇದನ್ನು ಕಂಡಿದ್ದ. ಅದಕ್ಕೇ ಕಡೆಯಲ್ಲಿ ಸ್ಥಾವರಕನಿಗೆ ಹೊಗಳಿಕೆ ಕೊಡಿಸಿ ಸುಮ್ಮನಾಗದೆ ದಾಸ್ಯದಿಂದ ಬಿಡುಗಡೆ ಕೊಡಿಸುತ್ತಾನೆ. ಆಮೇಲೆ ಬಂದ ನಗೆನಾಟಕಗಳು ಶಕಾರನನ್ನು ಎತ್ತಿಕೊಂಡವು, ಆ ಬಿಡುಗಡೆಯನ್ನು ಅಲ್ಲೇ ಬಿಟ್ಟವು.

ಪುಣೆಯ ನಗೆನಾಟಕದ ಬೇರು ಹುಡುಕಿ ಹೋದರೆ ಕನ್ನಡದ ಮಣ್ಣು ಕೈಗೆ ಹತ್ತುತ್ತದೆ. ಉತ್ತರ ಕನ್ನಡದಿಂದ ಬಂದ ಭಾಗವತರ ಮೇಳವೊಂದರ ಆಟವನ್ನು ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನ ನೋಡಿ, ಮರಾಠಿಯಲ್ಲೂ ಹೀಗೊಂದು ಆಗಲೆಂದು ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ಸೀತಾ ಸ್ವಯಂವರ ರಂಗಕ್ಕೆ ಬಂತು. ಅದರಲ್ಲಿ ಸೂತ್ರಧಾರನ ಹಾಡೂ ಇತ್ತು, ವಿದೂಷಕನ ಚೇಷ್ಟೆಯೂ ಇತ್ತು. ನಮ್ಮ ಹಾಸ್ಯಗಾರ ಘಟ್ಟ ಹತ್ತಿ ಭಾಷೆ ಬದಲಿಸಿದ, ಅಷ್ಟೆ. ಪೌರಾಣಿಕ ಆಟ ಮುಗಿದ ಮೇಲೆ ಬಾಲವಾಗಿ ಒಂದು ನಗೆನಾಟಕ ಆಡುವ ರೂಢಿ ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಬೆಳೆಯಿತು. ಅದಕ್ಕೆ ‘ಫಾರ್ಸ್’ ಎಂಬ ಹೆಸರೇ ನಿಂತಿತು. ದೇವರಿಲ್ಲದ, ಗದ್ಯದಲ್ಲಿ ನಡೆಯುವ ಯಾವುದೇ ಆಟ ಫಾರ್ಸ್. ಶನಿವಾರವಾಡೆಯಲ್ಲಿ 1773ರಲ್ಲಿ ನಡೆದ ಪೇಶ್ವೆ ನಾರಾಯಣರಾಯನ ಕೊಲೆಯ ಆಟವನ್ನೂ ಆಗ ಫಾರ್ಸ್ ಎಂದೇ ಕರೆದರು. ಅಪ್ಪನಿಲ್ಲದ ಹುಡುಗ ಚಿಕ್ಕಪ್ಪನನ್ನು ತಬ್ಬಿಕೊಂಡು ಪ್ರಾಣಕ್ಕಾಗಿ ಮೊರೆಯಿಟ್ಟನೆಂದು ಊರೆಲ್ಲ ಕಥೆ ಹೇಳುವ ಆ ಕೊಲೆಗೆ ಫಾರ್ಸ್ ಎಂಬ ಹೆಸರು! ಅಂದಿನ ಜನ ಪದದ ಅರ್ಥ ತಿಳಿಯದೆ ಹಾಗೆಂದಿರಬಹುದು. ನನಗೋ ಕೆಲವೊಮ್ಮೆ ಅವರೇ ಸರಿಯಾಗಿ ತಿಳಿದಿದ್ದರು ಅನ್ನಿಸುತ್ತದೆ.

ಈ ಬಗೆಯಲ್ಲಿ ಕುಸುರಿ ಕೆಲಸದ ನಾಟಕವೆಂದರೆ ಗೋವಿಂದ ಬಲ್ಲಾಳ ದೇವಲರ ಸಂಶಯಕಲ್ಲೋಳ. ದೇವಲರು ಬೆಳಗಾವಿಯಲ್ಲಿ ಓದಿದವರು, ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ಶಿಷ್ಯರು. ಹಾಗಾಗಿ ಅವರನ್ನು ನಮ್ಮವರೆನ್ನಲು ನನಗೆ ಸಂಕೋಚವಿಲ್ಲ. ಮೋಲಿಯೇರನ ಕಥೆ ಇಂಗ್ಲಿಷಿನ ಆರ್ಥರ್ ಮರ್ಫಿಯ ಕೈಯಿಂದ ಅವರ ಕೈಗೆ ಬಂತು. ಮೊದಲು ಅದನ್ನು ಗದ್ಯದಲ್ಲಿ ಆಡಿಸಿದರು, ಆಮೇಲೆ ಹಾಡು ಸೇರಿಸಿದರು. ಅವರು ತೀರಿಕೊಂಡ 1916ರಲ್ಲೇ ಗಂಧರ್ವ ನಾಟಕ ಮಂಡಳಿ ಅದನ್ನು ಸಂಗೀತ ನಾಟಕವಾಗಿ ರಂಗಕ್ಕೆ ತಂದಿತು. ಪಾತ್ರಗಳ ಹೆಸರೆಲ್ಲ ಪಂಚಾಂಗದಿಂದ ಆರಿಸಿದವು: ಫಾಲ್ಗುಣರಾವ, ಕೃತ್ತಿಕಾ, ಅಶ್ವಿನಶೇಟ, ರೇವತಿ. ಆಳಿನ ಹೆಸರು ಭಾದವ್ಯಾ. ಭಾದ್ರಪದ ಮಾಸವನ್ನು ಮನೆಯಾಳಿನ ಅಳತೆಗೆ ಕತ್ತರಿಸಿದರೆ ಭಾದವ್ಯಾ ಆಗುತ್ತದೆ. ಯಜಮಾನನಿಗೆ ‘ರಾವ’ ಸೇರುತ್ತದೆ, ಸಾಹುಕಾರನಿಗೆ ‘ಶೇಟ’ ಸೇರುತ್ತದೆ, ಆಳಿಗೆ ‘ಯಾ’. ನಮ್ಮಲ್ಲಿ ಸಂಗಪ್ಪ ‘ಸಂಗ್ಯಾ’ ಆಗುವ ಹಾಗೆ.

ಫಾಲ್ಗುಣರಾವ ಹೆಂಡತಿಯ ಮೇಲೆ ಸಂಶಯಪಟ್ಟು ಗುಡುಗುವವನು. ಕೃತ್ತಿಕೆಯೂ ಅಷ್ಟೇ ಬಲವಾಗಿ ಗಂಡನನ್ನು ಸಂಶಯಿಸುವವಳು. ಕೈತಪ್ಪಿ ಬಿದ್ದ ಒಂದು ತಸಬೀರು ನಾಲ್ಕು ಮಂದಿಯ ನಿದ್ದೆ ಕೆಡಿಸುತ್ತದೆ. ಎಲ್ಲರೂ ಸುಖವಾಗಿ ಉಂಡುಟ್ಟವರು, ಕಷ್ಟವಿಲ್ಲದ್ದರಿಂದ ಕಷ್ಟ ಹುಟ್ಟಿಸಿಕೊಂಡವರು. ಅವರ ನಡುವೆ ಓಡಾಡುವ ಭಾದವ್ಯಾನಿಗೆ ಮಾತ್ರ ಯಾರ ಮೇಲೂ ಸಂಶಯಪಡುವಷ್ಟು ಬಿಡುವಿಲ್ಲ. ನಾಟಕ ನಿಜಕ್ಕೂ ಚೆಲುವಾದದ್ದು. ಅದರ ನಗುವಿನಲ್ಲಿ ನಂಜಿಲ್ಲ, ಅದರ ಮಿತಿಯೂ ಅದೇ. ಭಾದವ್ಯಾನಿಗೆ ಮನೆ ಎಲ್ಲಿ, ಹೆಂಡತಿ ಯಾರು, ಅವಳನ್ನು ಅವನು ಸಂಶಯಿಸುತ್ತಾನೋ ಇಲ್ಲವೋ ಎಂದು ಕೇಳುವ ಕುತೂಹಲ ಒಳ್ಳೆಯ ಮನಸ್ಸಿನ ದೇವಲರಿಗೂ ಬರಲಿಲ್ಲ. ಮುದುಕನಿಗೆ ಎಳೆಯ ಹುಡುಗಿಯನ್ನು ಕಟ್ಟುವುದರ ವಿರುದ್ಧ 1899ರಲ್ಲೇ ಶಾರದೆಯಂಥ ನಾಟಕ ಬರೆದವರು ಅವರು.

ಅವರಿಗಿಂತ ಬಹಳ ಮೊದಲು, 1855ರಲ್ಲಿ, ಅದೇ ಪುಣೆಯಲ್ಲಿ ಇನ್ನೊಬ್ಬರು ಒಂದು ನಾಟಕ ಬರೆದು ದಕ್ಷಿಣಾ ಬಹುಮಾನ ಸಮಿತಿಗೆ ಕಳಿಸಿದ್ದರು. ಜೋತಿರಾವ್ ಫುಲೆಯವರ ತೃತೀಯ ರತ್ನ. ಸಮಿತಿ ಅದನ್ನು ತಳ್ಳಿಹಾಕಿತು. ನೂರಕ್ಕೂ ಹೆಚ್ಚು ವರ್ಷ ಅದು ಅಚ್ಚು ಕಾಣಲಿಲ್ಲ. ಕುಣಬಿಯೊಬ್ಬನ ಬಸುರಿ ಹೆಂಡತಿಗೆ ಗ್ರಹಚಾರದ ಹೆದರಿಕೆ ಹಾಕಿ ಜೋಯಿಸನೊಬ್ಬ ಮನೆ ತೊಳೆಯುವ ಕಥೆ ಅದು. ಪಕ್ಕದಲ್ಲೊಬ್ಬ ವಿದೂಷಕ ನಿಂತು ಜೋಯಿಸನ ಒಂದೊಂದು ಮಾತಿನ ತೊಗಟೆ ಸುಲಿಯುತ್ತಾನೆ. ಸಾಂಗಲಿಯಲ್ಲಿ ಭಾವೆ ಆಟ ಕಟ್ಟಿ ಆಗಿನ್ನೂ ಹನ್ನೆರಡು ವರ್ಷ. ಅಷ್ಟರಲ್ಲೇ ವಿದೂಷಕನಿಗೆ ಈ ಕೆಲಸ ಹಚ್ಚಿದ ಧೈರ್ಯ ದೊಡ್ಡದು. ಆದರೆ ನನಗೆ ಮುಖ್ಯವಾಗಿ ಕಾಣುವುದು ಫುಲೆಯವರು ವಿದೂಷಕನಿಗೆ ಕೊಡದೆ ಉಳಿಸಿಕೊಂಡದ್ದು. ಅವನ ಚಾಟೂಕ್ತಿಯಿಂದ ಜೋಯಿಸ ಸೋಲುವುದಿಲ್ಲ. ನಾಟಕದ ಕಡೆಯಲ್ಲಿ ಗಂಡಹೆಂಡಿರು ಅಕ್ಷರ ಕಲಿಯಲು ಫುಲೆ ದಂಪತಿಯ ರಾತ್ರಿ ಶಾಲೆಗೆ ಹೊರಡುತ್ತಾರೆ. ಪ್ರಹಸನದ ಕಡೆಯಲ್ಲಿ ಮದುವೆ ಇರಬೇಕಾದ ಜಾಗದಲ್ಲಿ ಸ್ಲೇಟು ಬಳಪ. ಬಹುಮಾನ ಸಮಿತಿಯವರಿಗೆ ವಿದೂಷಕನ ನಾಲಿಗೆಗಿಂತ ಆ ಸ್ಲೇಟಿನ ಭಯವೇ ಹೆಚ್ಚಿತ್ತೆಂದು ನನ್ನ ಊಹೆ.

ಇನ್ನು ನಾನಾನ ಕಡೆಗೆ ಬರೋಣ. 1972ರ ಡಿಸೆಂಬರ್ 16ರಂದು ಪುಣೆಯ ಭರತ ನಾಟ್ಯ ಮಂದಿರದಲ್ಲಿ ವಿಜಯ ತೆಂಡೂಲ್ಕರರ ಘಾಶೀರಾಮ ಕೋತವಾಲ ಮೊದಲ ಸಲ ರಂಗವೇರಿತು. ಆಡಿದವರು ಪ್ರೋಗ್ರೆಸಿವ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನವರು, ನಿರ್ದೇಶಕರು ಜಬ್ಬಾರ್ ಪಟೇಲ್, ನಾನಾನ ಪಾತ್ರದಲ್ಲಿ ಮನೋವೈದ್ಯ ಮೋಹನ್ ಆಗಾಶೆ. ಸಂಗೀತ ಭಾಸ್ಕರ ಚಂದಾವರ್ಕರ್ ಅವರದು. ನಮ್ಮ ವಂಶವೃಕ್ಷ, ಒಂದಾನೊಂದು ಕಾಲದಲ್ಲಿ ಸಿನಿಮಾಗಳಿಗೂ ಸಂಗೀತ ಕೊಟ್ಟವರೆಂದರೆ ಕನ್ನಡದ ಓದುಗರಿಗೆ ಕೂಡಲೇ ನೆನಪಾದೀತು. ಈ ನಾಟಕದ ಮನೆಗೆ ಬಾಗಿಲೇ ಇಲ್ಲ. ಹನ್ನೆರಡು ಮಂದಿ ಬ್ರಾಹ್ಮಣರು ಸಾಲಾಗಿ ನಿಂತು, ಹಾಡುತ್ತ ತೂಗುತ್ತ, ತಾವೇ ಗೋಡೆಯಾಗುತ್ತಾರೆ, ತಾವೇ ಪರದೆಯಾಗುತ್ತಾರೆ. ನೋಡಬೇಕಾದ್ದು ನಡೆಯುವಾಗ ನಮ್ಮತ್ತ ತಿರುಗುತ್ತಾರೆ, ನೋಡಬಾರದ್ದು ನಡೆಯುವಾಗ ಬೆನ್ನು ಹಾಕುತ್ತಾರೆ. ವಾಡೆಯ ಗೋಡೆ ನಿಜವಾಗಿ ಯಾವುದರಿಂದ ಕಟ್ಟಿದ್ದು ಎಂದು ಇದಕ್ಕಿಂತ ನೇರವಾಗಿ ತೋರಿಸಿದ ನಾಟಕವನ್ನು ನಾನು ಕಾಣೆ.

ಮೊದಲ ಅರ್ಧಗಂಟೆ ಅಪ್ಪಟ ಪ್ರಹಸನವೇ. ನಾನಾ ಹೆಣ್ಣುಗಳ ಹಿಂದೆ ಬಾಯಿ ತೆರೆದು ಓಡಾಡುವ ಮುದಿ ರಸಿಕ. ಕನೌಜಿನಿಂದ ಹೊಟ್ಟೆಪಾಡಿಗೆ ಬಂದ ಘಾಶೀರಾಮ ಬಾವನಖಣಿ ಕೇರಿಯ ನರ್ತಕಿ ಗುಲಾಬಿಯ ಬಳಿ ಊಳಿಗಕ್ಕಿದ್ದಾನೆ. ಕುಣಿಯಲು ಹೋಗಿ ಕಾಲು ಉಳುಕಿಸಿಕೊಂಡ ನಾನಾನನ್ನು ಅವನು ಉಪಚರಿಸಿ, ಹೊಗಳಿ ಹಾರ ಗಿಟ್ಟಿಸುತ್ತಾನೆ. ಸ್ಕಪಾಂನ ತಮ್ಮನಿವನು ಎಂದು ನಾವು ಕುರ್ಚಿಯಲ್ಲಿ ಸಡಿಲಾಗಿ ಕೂರುತ್ತೇವೆ. ಅಷ್ಟರಲ್ಲಿ ಗುಲಾಬಿ ಗೂಂಡಾಗಳಿಂದ ಆ ಹಾರ ಕಿತ್ತುಕೊಳ್ಳುತ್ತಾಳೆ. ಪೇಶ್ವೆಯರ ದಕ್ಷಿಣೆಗೆ ಹೋದವನಿಗೆ ಕಳ್ಳನೆಂಬ ಪಟ್ಟ ಕಟ್ಟಿ, ಬಡಿದು, ಊರಿಂದ ಹೊರದಬ್ಬುತ್ತಾರೆ. ಸ್ಥಾವರಕನಿಗೆ ಹಚ್ಚಿದ ಅದೇ ಕಳ್ಳತನದ ಮಾತು ನೋಡಿ. ಹದಿನೈದು ನೂರು ವರ್ಷವಾದರೂ ಬಡವನ ಬಾಯಿ ಮುಚ್ಚಿಸಲು ಬೇರೊಂದು ಮಾತು ಹುಡುಕುವ ಪ್ರಮೇಯ ಯಾರಿಗೂ ಬಂದಿಲ್ಲ.

ಇಲ್ಲಿಂದ ಮುಂದೆ ತೆಂಡೂಲ್ಕರ್ ಪ್ರಹಸನದ ಜಾಡು ಬಿಡುತ್ತಾರೆ. ಘಾಶೀರಾಮ ಜಾಣತನವನ್ನು ಬಿಡುವುದಿಲ್ಲ, ಅದನ್ನು ಕಡೆಯ ತನಕ ಒಯ್ಯುತ್ತಾನೆ. ನಾನಾನ ದೌರ್ಬಲ್ಯ ಅವನಿಗೆ ಗೊತ್ತು. ಆಳಿಗೆ ಗುಟ್ಟೆಲ್ಲ ಗೊತ್ತಿರುತ್ತದಲ್ಲ! ಮಗಳು ಲಲಿತಾಗೌರಿಯನ್ನು ನಾನಾನಿಗೆ ಒಪ್ಪಿಸಿ ಪುಣೆಯ ಕೋತವಾಲಿಕೆ ಪಡೆಯುತ್ತಾನೆ. ತನ್ನನ್ನು ಹೊಡೆದ ಊರನ್ನು ಈಗ ಅವನು ಹೊಡೆಯುತ್ತಾನೆ. ಆಳಾಗಬಲ್ಲವನು ಅರಸಾಗಬಲ್ಲ ಎಂದು ಮಕ್ಕಳಿಗೆ ನಾವು ಹೇಳಿಕೊಡುವ ಗಾದೆ ಇಷ್ಟು ಕ್ರೂರವಾಗಿ ನಿಜವಾದದ್ದು ಇನ್ನೆಲ್ಲೂ ಇಲ್ಲ. ಮಗಳು ಸತ್ತ ಮೇಲೆ ಅವನಿಗೆ ಹುಚ್ಚೇ ಹಿಡಿಯುತ್ತದೆ. ಬ್ರಾಹ್ಮಣರು ಸೆರೆಯಲ್ಲಿ ಉಸಿರುಕಟ್ಟಿ ಸಾಯುತ್ತಾರೆ, ಊರು ಏಳುತ್ತದೆ. ಆಗ ನಾನಾ ಏನು ಮಾಡುತ್ತಾನೆ? ನಗುತ್ತಾನೆ, ಒಂದು ಕಾಗದಕ್ಕೆ ರುಜು ಹಾಕುತ್ತಾನೆ. ಊರು ಕೋತವಾಲನನ್ನು ಬಡಿದು ಕೊಂದು ನ್ಯಾಯ ಸಿಕ್ಕಿತೆಂದು ಮನೆಗೆ ಹೋಗುತ್ತದೆ. ನಾನಾ ಮತ್ತೆ ವಾಡೆಗೆ.

ಇತಿಹಾಸದಲ್ಲೂ ಘಾಶೀರಾಮ ಸಾವಳದಾಸ ಪುಣೆಯ ಕೋತವಾಲನಾಗಿದ್ದವನೇ. 1791ರ ಆಗಸ್ಟ್‌ನಲ್ಲಿ ತೈಲಂಗಿ ಬ್ರಾಹ್ಮಣರು ಅವನ ಸೆರೆಕೋಣೆಯಲ್ಲಿ ಉಸಿರುಕಟ್ಟಿ ಸತ್ತರು. ಆ ತಿಂಗಳ 31ರಂದು ಜನ ಅವನನ್ನು ಕಲ್ಲು ಹೊಡೆದು ಕೊಂದರು. 1863ರಲ್ಲೇ ಮೋರೋಬಾ ಕಾನ್ಹೋಬಾ ಅವನ ಮೇಲೊಂದು ಪುಸ್ತಕ ಬರೆದರು. ಸತ್ತವರು ದಕ್ಷಿಣದಿಂದ ಹೋದವರು, ಕೊಂದವನು ಉತ್ತರದಿಂದ ಬಂದವನು, ನಡುವೆ ಕೂತು ರುಜು ಹಾಕಿದವನೇ ಊರವನು. ನಾಟಕದ ನಾನಾ ಮತ್ತು ಇತಿಹಾಸದ ನಾನಾ ಒಂದೇ ಅಲ್ಲ. ಪಾಣಿಪತ್ತಿನ ನಂತರದ ಮರಾಠಾ ರಾಜ್ಯವನ್ನು ಬಿದ್ದುಹೋಗದಂತೆ ಎತ್ತಿ ಹಿಡಿದ ಮುತ್ಸದ್ದಿ ಅವನು ಎಂಬುದನ್ನು ನಾನು ಮರೆಯುವುದಿಲ್ಲ. ಆದರೆ ತೆಂಡೂಲ್ಕರ್ ಕೇಳಿದ್ದು ಆ ಒಬ್ಬ ಮನುಷ್ಯನ ಲೆಕ್ಕವನ್ನಲ್ಲ. ಚಾಟಿ ಹಿಡಿಯುವ ಕೆಲಸವನ್ನು ಆಳಿಗೇ ಒಪ್ಪಿಸಿ ತಾನು ರಸಿಕನಾಗಿ ಉಳಿಯಬಲ್ಲ ಯಜಮಾನಿಕೆಯ ಲೆಕ್ಕವನ್ನು ಅವರು ಕೇಳಿದರು. ಗುಡುಗುವ ಯಜಮಾನ ಪ್ರಹಸನಕ್ಕೆ ಬೇಕಾದವನು, ಅವನನ್ನು ಸೋಲಿಸುವುದು ಸುಲಭ. ಗುಡುಗುವವನನ್ನು ಸಂಬಳಕ್ಕಿಟ್ಟುಕೊಂಡವನು ಪ್ರಹಸನದ ಕೈಗೆ ಸಿಗುವುದಿಲ್ಲ.

ನನ್ನ ವಾದಕ್ಕೆ ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ನಗುವಿನಿಂದ ಏನೂ ಆಗುವುದಿಲ್ಲವೆಂದಾದರೆ ಪುಣೆ ಆ ನಾಟಕಕ್ಕೆ ಅಷ್ಟೇಕೆ ಕೆರಳಿತು? ನಾನಾನಿಗೂ ಬ್ರಾಹ್ಮಣರಿಗೂ ಅವಮಾನವೆಂಬ ಕೂಗೆದ್ದು ಹತ್ತೊಂಬತ್ತು ಆಟಗಳಿಗೇ ಸಂಸ್ಥೆ ನಾಟಕವನ್ನು ನಿಲ್ಲಿಸಿತು. ಆಡಿದ ಹುಡುಗರು ಹೊರಬಂದು 1973ರಲ್ಲಿ ಥಿಯೇಟರ್ ಅಕಾಡೆಮಿ ಕಟ್ಟಿ, 1974ರ ಜನವರಿಯಲ್ಲಿ ಮತ್ತೆ ಆಡಿದರು. 1980ರಲ್ಲಿ ಯುರೋಪಿಗೆ ಹೊರಟಾಗ, ನಮ್ಮ ಮರ್ಯಾದೆಯನ್ನು ಪರದೇಶದಲ್ಲಿ ಹರಾಜು ಹಾಕುತ್ತೀರಾ ಎಂದು ಮತ್ತೆ ಜಗಳ. ಹಾಗಾದರೆ ನಗು ಚುಚ್ಚಿತಲ್ಲ?

ಚುಚ್ಚಿತು, ಒಪ್ಪುತ್ತೇನೆ. ಆದರೆ ಫಾಲ್ಗುಣರಾವನನ್ನು ನೋಡಿ ಅರ್ಧ ಶತಮಾನ ಹೊಟ್ಟೆ ಹುಣ್ಣಾಗುವಂತೆ ನಕ್ಕ ಊರೇ ನಾನಾನನ್ನು ನೋಡಿ ನಗಲಾರೆನೆಂದಿತು. ಫಾಲ್ಗುಣರಾವನಿಗೆ ಮನೆತನದ ಹೆಸರಿಲ್ಲ. ಅವನು ಯಾರ ಅಜ್ಜನೂ ಅಲ್ಲ, ಪಂಚಾಂಗದಿಂದ ಇಳಿದುಬಂದವನು. ನಾನಾನಿಗೆ ವಿಳಾಸವಿದೆ, ವಾಡೆಯಿದೆ, ಗುಡಿಯಿದೆ, ಬೀದಿಯಲ್ಲಿ ಅವನ ಮನೆತನದವರಿದ್ದಾರೆ. ಯಾರದೂ ಅಲ್ಲದ ಪುಂಡನನ್ನು ಕಂಡು ಎಲ್ಲರೂ ನಗಬಹುದು, ಪುಂಡರೂ ನಗಬಹುದು. ನಗುವಿಗೆ ಹಲ್ಲು ಬರುವುದು ಒಡೆಯನಿಗೆ ಮನೆತನದ ಹೆಸರು ಬಂದಾಗ. ಅದೇ 1972ರಲ್ಲಿ ಬಿ.ವಿ. ಕಾರಂತರು ಆಡಿಸಿದ ಕಂಬಾರರ ಜೋಕುಮಾರಸ್ವಾಮಿಯ ಗೌಡನಿಗೂ ಬಂದೂಕು, ಹೊಲ, ಜೋರು ಎಲ್ಲ ಇದೆ, ಗಂಡಸುತನವೊಂದಿಲ್ಲ. ಮೊದಲರ್ಧ ಬಿದ್ದು ಬಿದ್ದು ನಗುತ್ತೇವೆ. ಕಡೆಗೆ ಹೊಲ ಉಳುವ ಬಸಣ್ಣನ ಹೆಣ ಬೀಳುತ್ತದೆ. ಅಲ್ಲಿಯೂ ನಗು ತನ್ನ ಕೆಲಸ ಮಾಡಿತು, ಹೊಲ ಮಾತ್ರ ಉಳುವವನದಾಗಲಿಲ್ಲ. ಕರ್ನಾಟಕದಲ್ಲಿ ಉಳುವವನಿಗೆ ಹೊಲ ಸಿಗಲು 1974ರ ಭೂಸುಧಾರಣಾ ತಿದ್ದುಪಡಿ ಬರಬೇಕಾಯಿತು, ಗೇಣಿದಾರರು ಫಾರಂ ತುಂಬಬೇಕಾಯಿತು.

ಘಾಶೀರಾಮ ವಿಮಾನ ಹತ್ತಬೇಕೋ ಬೇಡವೋ ಎಂದು ಪುಣೆಯ ಓದು ಬಲ್ಲವರು ಪತ್ರಿಕೆಗಳಲ್ಲಿ ಜಗಳಾಡಿದ 1980ರಲ್ಲೇ ಅದೇ ಊರಲ್ಲಿ ಇನ್ನೊಂದು ಘಟನೆ ನಡೆಯಿತು. ಮನೆಗೆಲಸದ ಹೆಂಗಸರು ಕೆಲಸಕ್ಕೆ ಬರಲಿಲ್ಲ. ಸಂಬಳ ಹೆಚ್ಚಿಸಿ, ಸಂಬಳ ಸಹಿತ ರಜೆ ಕೊಡಿ ಎಂದು ಮುಷ್ಕರ ಹೂಡಿದರು. ಅದರಿಂದಲೇ ಪುಣೆ ಶಹರ ಮೋಲಕರೀಣ ಸಂಘಟನೆ ಹುಟ್ಟಿತು. ದೇಶದಲ್ಲಿ ಮನೆಗೆಲಸದವರು ಹೀಗೆ ಸಂಘ ಕಟ್ಟಿಕೊಂಡ ಮೊದಮೊದಲ ನಿದರ್ಶನಗಳಲ್ಲಿ ಇದೊಂದು. ನಾಟಕದ ಚರಿತ್ರೆ ಬರೆದವರು ಇದನ್ನು ಬರೆಯುವುದಿಲ್ಲ, ಬರೆಯಬೇಕಾದದ್ದೂ ಅವರ ಕೆಲಸವಲ್ಲ ಬಿಡಿ. ಆದರೆ ವಾಡೆಯ ಪ್ರಹಸನಕ್ಕೆ ಪುಣೆ ಕೊಟ್ಟ ಉತ್ತರಗಳಲ್ಲಿ ನನಗೆ ಎಲ್ಲಕ್ಕಿಂತ ಸರಿಯೆನ್ನಿಸುವುದು ಇದು.

ಮರಾಠಿಯಲ್ಲಿ ‘ಖಾಡಾ’ ಎಂಬ ಮಾತಿದೆ. ಕೆಲಸದಾಕೆ ಬಾರದ ದಿನ ಖಾಡಾ. ಪುಣೆಯ ಮಧ್ಯಮವರ್ಗದ ಮನೆಗಳ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಖಾಡಾದ ಗುರುತು ಬೀಳುತ್ತದೆ. ದೀಪಾವಳಿ ಸಂಚಿಕೆಗಳ ನಗೆಚಿತ್ರಗಳಲ್ಲಿ ಹೆಂಡತಿ, ಅತ್ತೆಯ ನಂತರದ ಸ್ಥಾನ ಖಾಡಾ ಮಾಡುವ ಕೆಲಸದಾಕೆಯದು. ಅವಳು ಅಲ್ಲಿ ಬಲು ಜಾಣೆ. ಅತ್ತೆ ಸತ್ತಳೆಂದು ವರ್ಷಕ್ಕೆ ಮೂರು ಸಲ ರಜೆ ಕೇಳುತ್ತಾಳೆ, ಎದುರು ಮನೆಯ ಗುಟ್ಟನ್ನು ಈ ಮನೆಗೆ, ಈ ಮನೆಯದನ್ನು ಮೇಲಿನ ಮನೆಗೆ ಸಾಗಿಸುತ್ತಾಳೆ. ನಗೆಚಿತ್ರ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಜ್ವರ ಬಂದಾಗ ಜ್ವರ ಬಂದಿದೆ ಎಂದು ಹೇಳಿ ಮಲಗುವ ಹಕ್ಕು ಇದ್ದಿದ್ದರೆ ಅತ್ತೆಯನ್ನು ಕೊಲ್ಲುವ ಜಾಣತನ ಅವಳಿಗೆ ಯಾಕೆ ಬೇಕಿತ್ತು? ಬ್ಯಾಂಕಿನ ಗುಮಾಸ್ತನ ರಜೆಯ ಅರ್ಜಿಯಲ್ಲಿ ಕಥೆ ಇರುವುದಿಲ್ಲ, ತಾರೀಖು ಇರುತ್ತದೆ. ಜಾಣತನ ಅವಳ ಗುಣವಲ್ಲ, ರಜೆಯಿಲ್ಲದ್ದಕ್ಕೆ ಅವಳು ಕಟ್ಟುವ ದಂಡ.

‘ನಮ್ಮ ಮನೆಯವಳ ಹಾಗೇ ಇದ್ದಾಳೆ’ ಎನ್ನುವ ಮಾತನ್ನು ನಾನು ಪುಣೆಯಲ್ಲೂ ಕೇಳಿದ್ದೇನೆ, ಧಾರವಾಡದಲ್ಲೂ ಕೇಳಿದ್ದೇನೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಮನೆಯವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಮನೆಯವರು ಮುಷ್ಕರ ಹೂಡುವ ಹಾಗಿಲ್ಲ. ಭಾದವ್ಯಾನೂ ಮನೆಯವನ ಹಾಗೇ ಇದ್ದ. 2004ರಲ್ಲಿ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದಾಗ ಎಷ್ಟೋ ಒಳ್ಳೆಯವರಿಗೇ ಅದು ಮುಜುಗರ ತಂದಿತು. ಪಾತ್ರೆಗೆ ಇಷ್ಟು, ನೆಲಕ್ಕೆ ಇಷ್ಟು ಎಂದು ಗಂಟೆಯ ಲೆಕ್ಕ ಹಾಕಿದರೆ ಸಂಬಂಧ ಏನು ಉಳಿಯಿತು ಎಂದರು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯಿದೆ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಪ್ಪಂದವೊಂದನ್ನು ತಂದಿತು, ಭಾರತ ಅದಕ್ಕೆ ಇನ್ನೂ ಅನುಮೋದನೆ ಕೊಟ್ಟಿಲ್ಲ. ಕಾಗದದ ಮೇಲಿನದು ಕಾಗದದ ಮೇಲೇ ಉಳಿದದ್ದು ಬಹಳ, ನಿಜ. ಆದರೂ ಸಂಬಂಧ ಉಳಿಯಬೇಕೆನ್ನುವವರು ಸಂಬಳದ ಚೀಟಿಗೆ ಯಾಕೆ ಅಂಜಬೇಕೋ ನನಗೆ ತಿಳಿಯದು.

ಇಂದಿನ ಪುಣೆಯಲ್ಲಿ ವಾಡೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಅವನ್ನು ಕಟ್ಟಲು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಹೋದ ಮನೆಮಂದಿಯಲ್ಲಿ ಗಂಡಸರು ಗಾರೆ ಕೆಲಸಕ್ಕೆ ನಿಂತರೆ, ಹೆಂಗಸರು ಗಾರೆ ಹೊತ್ತ ಕೈಯಲ್ಲೇ ಆಮೇಲೆ ಅದೇ ಕಟ್ಟಡಗಳ ಬಟ್ಟೆ ಪಾತ್ರೆಗೂ ಹೋಗುತ್ತಾರೆ. ಒಳಗೆ ಮಾತು ಮರಾಠಿ, ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಕನ್ನಡ. ಹಲವು ಕಟ್ಟಡಗಳಲ್ಲಿ ಕೆಲಸದವರಿಗೆ ಬೇರೆ ಲಿಫ್ಟು. ಹಳೆಯ ದಿಂಡಿ ಬಾಗಿಲು ಈಗ ಮೇಲೆ ಕೆಳಗೆ ಓಡಾಡುತ್ತದೆ, ಅಷ್ಟೇ ವ್ಯತ್ಯಾಸ. ಇವರಲ್ಲೊಬ್ಬಳ ಬಾಯಿಚುರುಕಿನ ಬಗ್ಗೆ ನಾಳೆ ಯಾರಾದರೂ ಒಳ್ಳೆಯ ನಗೆನಾಟಕ ಬರೆದಾರು. ಬರೆಯಲಿ, ಟಿಕೆಟು ಕೊಂಡು ನೋಡುತ್ತೇನೆ. ಅವಳ ವಾರದ ರಜೆ ಯಾವ ದಿನ ಎಂದು ಮಾತ್ರ ಮೊದಲ ಅಂಕದಲ್ಲೇ ಗೊತ್ತಾಗಲಿ.

ಸಂಶಯಕಲ್ಲೋಳವನ್ನು ಮೊನ್ನೆ ಮತ್ತೆ ಓದುವಾಗ ಒಂದು ಪೋಕರಿ ಆಲೋಚನೆ ಬಂತು. ಮೊದಲ ಪ್ರವೇಶದ ದಿನವೇ ಭಾದವ್ಯಾ ಖಾಡಾ ಮಾಡಿದ್ದಾನೆ ಎಂದಿಟ್ಟುಕೊಳ್ಳಿ. ಫಾಲ್ಗುಣರಾವ ಕೂಗುತ್ತಾನೆ, ಯಾರೂ ಬರುವುದಿಲ್ಲ. ಕೃತ್ತಿಕಾ ಕೂಗುತ್ತಾಳೆ, ಯಾರೂ ಬರುವುದಿಲ್ಲ. ನೀರು ಕಾದಿಲ್ಲ, ಅಂಗಳ ಗುಡಿಸಿಲ್ಲ, ಅತ್ತಲ ಸುದ್ದಿ ಇತ್ತ ಬಂದಿಲ್ಲ. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದಾರೆ. ಮೂಲೆಯಲ್ಲಿ ಕಸಬರಿಗೆ ಒರಗಿದೆ. ಅದನ್ನು ಎತ್ತಿಕೊಳ್ಳುವವರು ಯಾರೆಂದು ತೀರ್ಮಾನವಾಗುವ ತನಕ ಸಂಶಯಪಡಲು ಇಬ್ಬರಿಗೂ ಪುರುಸೊತ್ತಿಲ್ಲ.